ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು

ಆಯುಧಪೂಜೆಯ ದಿನ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಕಾರುಗಳಿಗೆಲ್ಲ ಸ್ನಾನ, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ನಮ್ಮ ಸೋದರಮಾವ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಡಿಕ್ಕಿಯಿಂದ ಖಾಕಿ ಬಟ್ಟೆಯ ಸುರುಳಿ ತೆಗೆದು, ಅದರಲ್ಲಿದ್ದ ಸ್ಪ್ಯಾನರುಗಳನ್ನು ಮಣೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಆ ಸಾಲಿನಲ್ಲಿ ಎರಡು ಬಗೆಯವು ಇದ್ದವು. ಕೆಲವದರ ಮೇಲೆ 7/16, 1/2, 9/16 ಎಂದು ಭಿನ್ನರಾಶಿ. ಉಳಿದವುಗಳ ಮೇಲೆ 10, 12, 13, 14, 17. ಮೊದಲನೆಯವು ಅವರ ಅಂಬಾಸಡರ್ ಕಾಲದವು, ಎರಡನೆಯವು ಮಾರುತಿ 800 ಮನೆಗೆ ಬಂದ ಮೇಲೆ ಕೊಂಡವು.

‘ಎರಡನ್ನೂ ಬೆರೆಸಬೇಡ ಕಣೋ’ ಎಂದು ಅವರು ಹೇಳಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ನಾನು ಬೆರೆಸಿದೆ. ಅಂಬಾಸಡರಿನ ಅರ್ಧ ಇಂಚಿನ ಬೋಲ್ಟಿಗೆ ಕೈಗೆ ಸಿಕ್ಕ 13ರ ಸ್ಪ್ಯಾನರ್ ಹಾಕಿದೆ. ಕೂತಂತೆ ಕಂಡಿತು. ಜೋರಾಗಿ ಎಳೆದಾಗ ಜಾರಿ, ಬೆರಳ ಗೆಣ್ಣು ರೇಡಿಯೇಟರಿಗೆ ಬಡಿದು ಚರ್ಮ ಸುಲಿಯಿತು. ಬೋಲ್ಟಿನ ಮೂಲೆಗಳು ದುಂಡಗಾಗಿದ್ದವು. ಮಾವ ಬೈಯಲಿಲ್ಲ. ಗಾಯಕ್ಕೆ ಅರಿಶಿನ ಒತ್ತಿ, ಕಾಗದ ತೆಗೆದು ಲೆಕ್ಕ ಬರೆದು ತೋರಿಸಿದರು: ಅರ್ಧ ಇಂಚು ಎಂದರೆ 12.7 ಮಿ.ಮೀ., ನೀನು ಹಾಕಿದ್ದು 13. ನಡುವೆ ಉಳಿದ 0.3 ಮಿ.ಮೀ. ಸಂದಿಯೇ ಮೂಲೆ ತಿಂದದ್ದು.

ಮನೆಯಲ್ಲೇ ಕಾರಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಬೇಕು ಎನ್ನುವವರು ‘ಏನೇನು ಕೊಳ್ಳಲಿ?’ ಎಂದು ಕೇಳಿದಾಗೆಲ್ಲ ನನಗೆ ಆ ಕಾಗದದ ಲೆಕ್ಕವೇ ನೆನಪಾಗುತ್ತದೆ. ಸ್ಪ್ಯಾನರಿನ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪ ಎಂದೇ ಹೊಸಬರು ತಿಳಿಯುತ್ತಾರೆ. ಅಲ್ಲ. ಬೋಲ್ಟಿನ ಆರು ಮೂಲೆಯ ತಲೆಯಲ್ಲಿ ಎದುರುಬದುರು ಇರುವ ಎರಡು ಮುಖಗಳ ನಡುವಿನ ಅಗಲ ಅದು. 6 ಮಿ.ಮೀ. ದಪ್ಪದ ಬೋಲ್ಟಿನ ತಲೆಗೆ 10ರ ಸ್ಪ್ಯಾನರ್ ಬೇಕು. 8 ಮಿ.ಮೀ. ಬೋಲ್ಟಿಗೆ ಬಂದಾಗ ದೇಶಗಳ ದಾರಿ ಬೇರೆಯಾಗುತ್ತದೆ: ಯುರೋಪಿನ ಕಾರುಗಳಲ್ಲಿ ಅದರ ತಲೆ 13, ಜಪಾನಿನವುಗಳಲ್ಲಿ ಸಾಮಾನ್ಯವಾಗಿ 12. ಅಂಬಾಸಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ, ಆದ್ದರಿಂದ ಅದರ ಮೈಯೆಲ್ಲ ಇಂಚು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ತಾಯಿಬೇರು ಜಪಾನಿನ ಸುಝುಕಿ, ಆದ್ದರಿಂದ 10, 12, 14, 17. ಮಾರುತಿ ಇರುವ ಮನೆಯಲ್ಲಿ 12 ಸವೆಯುತ್ತದೆ, 13 ಹೊಳೆಯುತ್ತಲೇ ಇರುತ್ತದೆ. ಫೋಕ್ಸ್‌ವ್ಯಾಗನ್ ಇರುವ ಮನೆಯಲ್ಲಿ ಇದರ ತಿರುಗುಮುರುಗು.

ಆದ್ದರಿಂದ ನೂರೆಂಟು ಸಾಮಾನು ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳಬೇಡಿ. ಮೊದಲು ನಿಮ್ಮ ಕಾರಿನ ಬಾನೆಟ್ ಎತ್ತಿ ಯಾವ ಅಳತೆಯ ತಲೆಗಳು ಇವೆ ನೋಡಿ, ಚೀಟಿ ಬರೆದುಕೊಳ್ಳಿ. ಹಳೇ ಬೆಂಗಳೂರಿನವರಿಗೆ ಒಂದು ಭಾಗ್ಯವಿದೆ. ಸ್ಪ್ಯಾನರಿಗೆ ಸಿಲ್ವರ್ ಜ್ಯುಬಿಲಿ ಪಾರ್ಕ್ ರಸ್ತೆ, ಮಲ್ಟಿಮೀಟರಿಗೆ ಎಸ್.ಪಿ. ರಸ್ತೆ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಮೂರೂ ಚಾಮರಾಜಪೇಟೆಯಿಂದ ನಡೆದು ಹೋಗುವ ದೂರ. ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ ಹಳೇ ಸ್ಪ್ಯಾನರುಗಳೂ ಸಿಗುತ್ತವೆ. ಒಳ್ಳೆಯ ಉಕ್ಕಿನ ಹಳೆಯದು ಕಳಪೆ ಹೊಸದಕ್ಕಿಂತ ಎಷ್ಟೋ ಮೇಲು. ಕೊಳ್ಳುವಾಗ ಬಾಯಿಯ ಒಳಮೂಲೆಗಳ ಮೇಲೆ ಉಗುರು ಆಡಿಸಿ ನೋಡಿ. ಏಣು ಚೂಪಾಗಿ ತಗುಲಬೇಕು, ನುಣ್ಣಗೆ ಜಾರಿದರೆ ಅದು ಸವೆದಿದೆ.

ಸ್ಪ್ಯಾನರುಗಳಲ್ಲಿ ಬಾಯಿ ತೆರೆದದ್ದು ಒಂದು, ಬಳೆಯ ಹಾಗೆ ಸುತ್ತುಗಟ್ಟುವ ರಿಂಗ್ ಇನ್ನೊಂದು. ತೆರೆದ ಬಾಯಿಯದ್ದು ಬೋಲ್ಟಿನ ಎರಡೇ ಮೂಲೆಗಳನ್ನು ದೂಡುತ್ತದೆ, ಜೋರು ಹೆಚ್ಚಾದಾಗ ದವಡೆ ಕೂದಲಷ್ಟು ಅಗಲಿ ಜಾರುತ್ತದೆ. ರಿಂಗ್ ಆರೂ ಮೂಲೆಗಳಿಗೆ ಬಲವನ್ನು ಹಂಚುತ್ತದೆ. ಹಾಗಾಗಿ ಬಿಗಿ ಬಿಡಿಸುವಾಗಲೂ ಕೊನೆಯ ಬಿಗಿ ಕೊಡುವಾಗಲೂ ರಿಂಗ್, ನಡುವೆ ಬೇಗಬೇಗ ತಿರುಗಿಸಲು ತೆರೆದ ಬಾಯಿ. ಒಂದು ತುದಿ ರಿಂಗ್, ಇನ್ನೊಂದು ತುದಿ ತೆರೆದ ಬಾಯಿ ಇರುವ ಕಾಂಬಿನೇಶನ್ ಸ್ಪ್ಯಾನರ್ ಸೆಟ್ಟೇ ನನ್ನ ಮೊದಲ ಶಿಫಾರಸು. ಕೈ ಹೋಗದ ಸಂದಿಗಳಿಗೆ ಸಾಕೆಟ್ಟು, ರಾಚೆಟ್ಟು ಆಮೇಲೆ ಬರಲಿ.

ಸಣ್ಣ ಸ್ಪ್ಯಾನರ್ ಗಿಡ್ಡ, ದೊಡ್ಡದು ಉದ್ದ. ಏಕೆ ಹೀಗೆ? ಇದರ ಹಿಂದೆ ಒಂದು ಜಾಣ ಲೆಕ್ಕವಿದೆ. ತಿರುಗಿಸುವ ಶಕ್ತಿ, ಅಂದರೆ ಟಾರ್ಕ್, ಕೈ ಹಾಕುವ ಬಲವನ್ನು ಹಿಡಿಕೆಯ ಉದ್ದದಿಂದ ಗುಣಿಸಿದಷ್ಟು. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಸಾಕು. 15 ಸೆಂ.ಮೀ. ಉದ್ದದ 10ರ ಸ್ಪ್ಯಾನರಿನ ತುದಿಯಲ್ಲಿ 7 ಕೆ.ಜಿ. ತೂಕದಷ್ಟು ಎಳೆದರೆ ಅಷ್ಟು ಬಂತು, ಮಣಿಕಟ್ಟಿನ ಬಲದಲ್ಲೇ ಮುಗಿಯಿತು. ಅಂದರೆ ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದನ್ನು ಸ್ಪ್ಯಾನರ್ ಮಾಡಿದವನು ಅದರ ಉದ್ದದಲ್ಲೇ ಬರೆದಿಟ್ಟಿದ್ದಾನೆ. ಅದಕ್ಕೆ ಪೈಪು ತೂರಿಸಿ ಉದ್ದ ಮಾಡಿದರೆ ಆ ಬರಹವನ್ನು ಅಳಿಸಿದಂತೆ.

ಚಕ್ರದ ನಟ್ಟಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಸಣ್ಣ ಕಾರಿನ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳಿ, ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ. ಡಿಕ್ಕಿಯಲ್ಲಿರುವ ವೀಲ್ ಸ್ಪ್ಯಾನರ್ ಕಾಲು ಮೀಟರ್ ಉದ್ದವಿದ್ದರೆ ತುದಿಯಲ್ಲಿ 40 ಕೆ.ಜಿ. ತೂಕ ಬೀಳಬೇಕು. ಈಗ ಇದೇ ಹಿಡಿಕೆಗೆ ಪೈಪು ಹಾಕಿ ಅರ್ಧ ಮೀಟರ್ ಮಾಡಿ, 60 ಕೆ.ಜಿ. ತೂಗುವ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ? ಸುಮಾರು 300 ನ್ಯೂಟನ್-ಮೀಟರ್. ಬೇಕಾದದ್ದಕ್ಕಿಂತ ಮೂರು ಪಟ್ಟು. ಬೀದಿ ಬದಿಯಲ್ಲಿ ನಾವು ದಿನವೂ ನೋಡುವ ದೃಶ್ಯವಿದು.

ಹೆಚ್ಚು ಬಿಗಿ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇಲ್ಲೇ ವಿಷಯದ ತಿರುಳಿರುವುದು. ಬೋಲ್ಟು ಒಂದು ಸ್ಪ್ರಿಂಗು. ನಟ್ಟನ್ನು ಬಿಗಿದಂತೆಲ್ಲ ಬೋಲ್ಟು ಉದ್ದಕ್ಕೆ ಹಿಗ್ಗುತ್ತದೆ, ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒಂದಕ್ಕೊಂದು ಅಪ್ಪಿ ಹಿಡಿಯುವುದು. 12 ಮಿ.ಮೀ. ದಪ್ಪದ ಚಕ್ರದ ಬೋಲ್ಟಿಗೆ 100 ನ್ಯೂಟನ್-ಮೀಟರ್ ಕೊಟ್ಟಾಗ ಅದು ಹಿಗ್ಗುವುದು ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಆದರೆ ಅದು ಹಿಡಿಯುವ ಬಲ ಸುಮಾರು 4 ಟನ್. ನಾಲ್ಕು ನಟ್ಟಿಗೆ 16 ಟನ್! ಮಾರುತಿ 800 ಇಡೀ ಕಾರಿನ ತೂಕವೇ ಒಂದು ಟನ್ನಿಗಿಂತ ಕಡಿಮೆ. ಕಾರನ್ನು ಹೊರುವುದು ಬೋಲ್ಟಿನ ಕಡ್ಡಿಯಲ್ಲ, ಈ ಅಪ್ಪುಗೆಯಿಂದ ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಹುಟ್ಟುವ ಘರ್ಷಣೆ. ನಟ್ಟು ಸಡಿಲವಿದ್ದರೆ ಚಕ್ರ ಅತ್ತಿತ್ತ ಅಲುಗಾಡಿ ಬೋಲ್ಟನ್ನು ಕುಯ್ಯುತ್ತದೆ. ಅತಿ ಬಿಗಿದರೆ ಸ್ಪ್ರಿಂಗು ತನ್ನ ಮಿತಿ ದಾಟಿ ಹಿಗ್ಗಿದ್ದು ಹಿಗ್ಗಿದಂತೇ ಉಳಿಯುತ್ತದೆ, ಮತ್ತೆ ಎಂದೂ ಹಿಂದಿನ ಹಾಗೆ ಹಿಡಿಯಲಾರದು.

ಇನ್ನೊಂದು ಸಂಗತಿ ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಾವು ಕೊಡುವ ತಿರುಚುವಿಕೆಯಲ್ಲಿ ಬೋಲ್ಟನ್ನು ಹಿಗ್ಗಿಸಲು ಹೋಗುವುದು ನೂರರಲ್ಲಿ ಹತ್ತು ಪಾಲು ಮಾತ್ರ. ಸುಮಾರು ಐವತ್ತು ಪಾಲನ್ನು ನಟ್ಟಿನ ಅಡಿಯ ಉಜ್ಜಾಟ ನುಂಗುತ್ತದೆ, ನಲವತ್ತನ್ನು ಥ್ರೆಡ್ಡಿನ ಉಜ್ಜಾಟ. ಈಗ ಥ್ರೆಡ್ಡಿಗೆ ‘ಸಲೀಸಾಗಲಿ’ ಎಂದು ಎಣ್ಣೆ ಬಿಟ್ಟರೆ ಉಜ್ಜಾಟ ಕಡಿಮೆಯಾಗಿ, ಅದೇ ಟಾರ್ಕಿನಲ್ಲಿ ಬೋಲ್ಟು ತುಂಬ ಹೆಚ್ಚು ಹಿಗ್ಗುತ್ತದೆ. ಕೈಪಿಡಿ ಹೇಳದ ಹೊರತು ಚಕ್ರದ ಬೋಲ್ಟಿಗೆ ಎಣ್ಣೆ ಹಾಕಬಾರದು ಎನ್ನುವುದು ಇದಕ್ಕೇ. ತಂತಿಬ್ರಶ್ಶಿನಿಂದ ತುಕ್ಕು ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಟಾರ್ಕ್ ರೆಂಚ್ ಎಂಬ ಉಪಕರಣ ಬೇಕಾದ ಬಿಗಿ ಬಂದ ಕೂಡಲೇ ‘ಟಕ್’ ಎನ್ನುತ್ತದೆ. ಬೆಲೆ ತುಸು ಹೆಚ್ಚು, ಆದರೆ ಚಕ್ರ ತೆಗೆದು ಹಾಕುವ ಉದ್ದೇಶವಿದ್ದರೆ ಕೊಳ್ಳಲೇಬೇಕು. ಒಂದು ನಟ್ಟಾದ ಮೇಲೆ ಪಕ್ಕದ್ದಕ್ಕೆ ಹೋಗದೆ ಎದುರಿನದಕ್ಕೆ ಹೋಗಿ, ಚಕ್ರ ಸಮನಾಗಿ ಕೂರುತ್ತದೆ.

ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಉಪಕರಣಕ್ಕಿಂತ ಬೆರಳು ದೊಡ್ಡದು. ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗುಗಳಿಂದಾಗಿ ನಮ್ಮಲ್ಲಿ ಎಷ್ಟೋ ಮಂದಿಗೆ ಪ್ಲಗ್ ಎಂದರೆ ‘ಮೈಕೋ ಪ್ಲಗ್’. ಅದು ಉಕ್ಕು, ಅದು ಕೂರುವ ಎಂಜಿನ್ ಹೆಡ್ಡು ಮೆದು ಅಲ್ಯೂಮಿನಿಯಂ. ಓರೆಯಾಗಿ ಹತ್ತಿಸಿದರೆ ಹೆಡ್ಡಿನ ಥ್ರೆಡ್ಡೇ ಹಾಳು. ಮಾವ ಕಲಿಸಿದ ಉಪಾಯ ಹೀಗಿದೆ: ಪ್ಲಗ್ಗನ್ನು ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸು. ಒಂದು ಕಡೆ ಥ್ರೆಡ್ಡಿನ ಬಾಯಿಗೆ ಬಾಯಿ ಸೇರಿ ಸಣ್ಣಗೆ ಕುಸಿದ ಹಾಗಾಗುತ್ತದೆ. ಅಲ್ಲಿಂದ ಬಲಕ್ಕೆ, ಮೂರು ಸುತ್ತು ಬರಿಗೈಯಲ್ಲೇ. ಕೈಗೆ ಬಾರದಿದ್ದರೆ ಬಿಚ್ಚಿ ಮತ್ತೆ ಶುರು ಮಾಡು, ಸ್ಪ್ಯಾನರ್ ಮುಟ್ಟಬೇಡ. ಜಾರುವ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೂ ನಾನು ಈಗ ಇದನ್ನೇ ಮಾಡುತ್ತೇನೆ.

ಬ್ಯಾಟರಿಗೆ ಬೇಕಾದದ್ದು 10ರ ಸ್ಪ್ಯಾನರ್ ಮತ್ತು ಮಲ್ಟಿಮೀಟರ್. ಬ್ಯಾಟರಿಯ ಹೊಟ್ಟೆಯಲ್ಲಿ ಆರು ಕೋಶಗಳಿವೆ, ಒಂದೊಂದಕ್ಕೆ 2.1 ವೋಲ್ಟ್. ಪೂರ್ತಿ ತುಂಬಿದ್ದು ರಾತ್ರಿ ನಿಂತು ಬೆಳಗ್ಗೆ ನೋಡಿದಾಗ 12.6 ತೋರಿಸಬೇಕು. 12ಕ್ಕೆ ಇಳಿದಿದ್ದರೆ ಮುಕ್ಕಾಲು ಪಾಲು ಖಾಲಿಯೆಂದೇ ಲೆಕ್ಕ. ಎಂಜಿನ್ ಓಡುತ್ತಿರುವಾಗ ಬಹುಪಾಲು ಕಾರುಗಳಲ್ಲಿ ಸುಮಾರು 14 ಇರುತ್ತದೆ. ಆಗಲೂ 12.3ರಲ್ಲೇ ನಿಂತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದ್ದೋ ಅದರ ವೈರಿಂಗಿನದ್ದೋ ಇರಬಹುದು. ಇಷ್ಟು ತಿಳಿದಿದ್ದರೆ ಅನ್ಯಾಯವಾಗಿ ಹೊಸ ಬ್ಯಾಟರಿ ಕೊಳ್ಳುವುದು ತಪ್ಪುತ್ತದೆ. ಬಿಚ್ಚುವಾಗ ಮೊದಲು ಮೈನಸ್. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿದ್ದು. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಮೈಗೆ ತಗುಲಿದರೆ ನೂರಾರು ಆಂಪಿಯರ್ ಅದರಲ್ಲೇ ಹರಿದು ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಚಿನ್ನದುಂಗುರವೋ ಕೈಯಲ್ಲಿ ಬಳೆಯೋ ಇದ್ದರೆ ತೆಗೆದಿಟ್ಟೇ ಕೂರಿ.

ಜಾಕಿನ ಮಾತಿಗೆ ಬಂದಾಗ ನಾನು ಕಟುವಾಗುತ್ತೇನೆ. ಹೈಡ್ರಾಲಿಕ್ ಜಾಕು ಪಾಸ್ಕಲ್ ನಿಯಮದ ಸುಂದರ ಉದಾಹರಣೆ. ಸಣ್ಣ ಪಿಸ್ಟನ್ನು ಎಣ್ಣೆಯನ್ನು ಒತ್ತುತ್ತದೆ, ಅದೇ ಒತ್ತಡ ಹತ್ತು ಪಟ್ಟು ವಿಸ್ತೀರ್ಣದ ದೊಡ್ಡ ಪಿಸ್ಟನ್ನಿನ ಮೇಲೆ ಬಿದ್ದು ಹತ್ತು ಪಟ್ಟು ಬಲವಾಗುತ್ತದೆ. ಆದರೆ ಆ ಕಾರನ್ನು ಮೇಲೆ ಹಿಡಿದಿರುವುದು ಒಂದು ರಬ್ಬರ್ ಸೀಲು. ಅದು ಸೋತ ಕ್ಷಣ ಕಾರು ಕೆಳಗೆ. ತಿರುಪಿನ ಜಾಕು ಸೋರುವುದಿಲ್ಲ, ಆದರೆ ಅದರ ಕಾಲು ಕಿರಿದು, ವಾಲಿಬಿಡುತ್ತದೆ. ಬ್ಯೂಗಲ್ ರಾಕ್ ಸುತ್ತಿನ ಬಸವನಗುಡಿಯ ಇಳಿಜಾರು ರಸ್ತೆಗಳಲ್ಲಂತೂ ಹೇಳುವುದೇ ಬೇಡ. ಹಳೇ ಮನೆಗಳ ಕಾಂಪೌಂಡಿನಲ್ಲಿ ಸಂಪಿಗೆ ಮರದಡಿಯ ಮಣ್ಣು ಮೆತ್ತಗಿರುತ್ತದೆ, ಜಾಕಿನ ಕೆಳಗೆ ದಪ್ಪ ಹಲಗೆ ಹಾಕದಿದ್ದರೆ ಒಂದು ಕಡೆ ಹುಗಿದುಕೊಳ್ಳುತ್ತದೆ. ಜಾಕು ಎತ್ತಲು ಮಾತ್ರ, ಹೊರಲು ಅಲ್ಲ. ಹೊರಲು ಒಂದು ಜೊತೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿ ಮಲಗಿಸಿ. ಸ್ಟ್ಯಾಂಡಿಲ್ಲದೆ ಯಾರೂ ಕಾರಿನ ಕೆಳಗೆ ತಲೆ ಹಾಕಬಾರದು, ಬಿದ್ದ ನಟ್ಟನ್ನು ಹೆಕ್ಕುವುದಕ್ಕೂ ಸಹ.

ಎಣ್ಣೆ ಬದಲಿಸುವವರಿಗೆ ಅಗಲದ ಟ್ರೇ, ಆಲಿಕೆ, ಮುಚ್ಚಳ ಭದ್ರವಿರುವ ಖಾಲಿ ಕ್ಯಾನು. ಸಣ್ಣ ಕಾರಿನಿಂದ ಸುಮಾರು 3 ಲೀಟರ್ ಕಪ್ಪು ಎಣ್ಣೆ ಬರುತ್ತದೆ, ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿಯೂ ಇರುತ್ತದೆ. ನಮ್ಮ ಬೀದಿಯಲ್ಲೇ ಅದನ್ನು ಮೋರಿಗೆ ಸುರಿಯುವುದನ್ನು ಕಂಡಿದ್ದೇನೆ. ನಮ್ಮ ಕಡೆಯ ಮೋರಿಗಳು ಸೇರುವುದು ವೃಷಭಾವತಿಯನ್ನು, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುವಳೆಂದು ನಾವೇ ಕೈಮುಗಿಯುವ ಹೊಳೆಯನ್ನು. ಮಾವ ಕ್ಯಾನು ತುಂಬಿದ ಮೇಲೆ ಮುಚ್ಚಳ ಬಿಗಿದು, ಮೇಲೆ ತಾರೀಖು ಬರೆದು, ಹಳೇ ಎಣ್ಣೆ ಸಂಗ್ರಹಿಸುವವರಿಗೆ ಕೊಡುವ ಗ್ಯಾರೇಜಿಗೆ ಸೈಕಲ್ಲಿನ ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಹೋಗಿ ಒಪ್ಪಿಸಿ ಬರುತ್ತಿದ್ದರು. ಆ ಖಾಕಿ ಸುರುಳಿ ಈಗ ನನ್ನ ಡಿಕ್ಕಿಯಲ್ಲಿದೆ. ಭಿನ್ನರಾಶಿಯವುಗಳಿಗೆ ಕೆಲಸವಿಲ್ಲ, ಆದರೂ ಎಣ್ಣೆಬಟ್ಟೆಯಲ್ಲಿ ಒರೆಸಿ ಬೇರೆ ಜೇಬಿನಲ್ಲಿ ಇಟ್ಟಿದ್ದೇನೆ, ಬೆರೆಯದಂತೆ.