ಕೇಳುವ ಸಂಕೋಚ

2024ರ ಅಕ್ಟೋಬರಿನ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರವು ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತಷ್ಟೆ. ಅಂತಹ ವಿಪತ್ತಿನಲ್ಲಿ ನೆರವು ಬೇಡಲು ಯಾರೂ ನಾಚರು. ಆದರೆ ಕೂಸಿಗೊಂದು ತೊಟ್ಟಿಲು, ವೃದ್ಧರಿಗೊಂದು ಗಾಲಿಕುರ್ಚಿ ಬೇಕಾದಾಗ, ಬಡಾವಣೆಯ ವಾಟ್ಸಾಪ್ ಬಳಗದಲ್ಲಿ ಕೇಳಲು ಮರ್ಯಾದಸ್ಥರಿಗೆ ಮನಸ್ಸು ಬಾರದು. ಮದುವೆಯ ಮುಯ್ಯಿಯನ್ನೂ ಬರೆದಿಟ್ಟುಕೊಂಡು ತೀರಿಸುವವರು ನಾವು. ಪಡೆದುದೆಲ್ಲ ನಮಗೆ ಋಣವೇ. ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ 2013ರಲ್ಲಿ ಇಬ್ಬರು ಸ್ತ್ರೀಯರು ಆರಂಭಿಸಿದ ‘ಬೈ ನಥಿಂಗ್’ ಬಳಗದ ನಿಯಮವೇ ಬೇರೆ: ಹಣವಿಲ್ಲ, ವಿನಿಮಯವಿಲ್ಲ, ಕೊಡುವವರಂತೆ ಕೇಳುವವರಿಗೂ ಸ್ಥಾನವುಂಟು. ಇದು ನನಗೆ ಮೆಚ್ಚಿಗೆಯಾಯಿತು. ಬೇಕಾದ ವಸ್ತುವಾವುದು, ಎಷ್ಟು ದಿನಕ್ಕೆ ಎಂದು ತಿಳಿಸಿದರೆ ಸಾಕು, ಕಷ್ಟಗಳ ವರದಿಯೇಕೆ? ದೊರೆತೊಡನೆ ಮಾತ್ರ ‘ದೊರೆಯಿತು’ ಎಂದು ಹೇಳಿಬಿಡಬೇಕು; ಇಲ್ಲವಾದರೆ ಹತ್ತು ಮನೆಯವರು ಅಟ್ಟವನ್ನೇರಿ ಧೂಳು ಕೊಡಹುತ್ತಲೇ ಇರುವರು.