ವೇಗಕ್ಕೂ ಒಂದು ಲೈಸೆನ್ಸ್ ಇದೆ

ಮಗ ಬೈಕಿನ ಕೀಲಿ ಎತ್ತಿಕೊಂಡು ಹೊರಟರೆ, ಅವನು ಮರಳಿ ಬಂದು ಗೇಟು ತೆರೆಯುವ ಸದ್ದು ಕೇಳುವ ತನಕ ಕಣ್ಣು ಮುಚ್ಚದ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ಅವರ ಆತಂಕಕ್ಕೆ ಕಾರಣವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ. ಸತ್ತವರಲ್ಲಿ ಮೂರನೇ ಎರಡರಷ್ಟು ಮಂದಿ 18ರಿಂದ 45ರೊಳಗಿನವರು. ಅಂದರೆ ದುಡಿಯುವ ಕೈಗಳು, ಮನೆಯ ಆಸರೆಗಳು.

ವೇಗದ ಆಸೆ ಹರೆಯದ ಸ್ವಭಾವ. ಅದು ಬೈಗುಳದಿಂದ ಸಾಯುವುದಿಲ್ಲ, ಮನೆಯವರ ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುತ್ತದೆ ಅಷ್ಟೇ. ಹಾಗಾದರೆ ಆ ಆಸೆಗೆ ಒಂದು ಜಾಗ, ಒಂದು ನಿಯಮ, ಒಬ್ಬ ಗುರು ಸಿಗುವಂತಿದ್ದರೆ? ಕಾರ್ ರೇಸ್ ಎಂದರೆ ಸಿರಿವಂತರ ಮಕ್ಕಳ ಹುಚ್ಚು ಎಂದು ನಾವು ತಳ್ಳಿಹಾಕುತ್ತೇವೆ. ಆದರೆ ಅದು ಪರೀಕ್ಷೆ, ವೈದ್ಯಕೀಯ ತಪಾಸಣೆ, ತೀರ್ಪುಗಾರರು ಮತ್ತು ಶಿಕ್ಷೆಗಳಿರುವ ಒಂದು ಶಿಸ್ತಿನ ಕ್ರೀಡೆ. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಕೂಡ ಬೇಕು.

ರಸ್ತೆ ಬೇರೆ, ಟ್ರ್ಯಾಕ್ ಬೇರೆ

ಸಾರ್ವಜನಿಕ ರಸ್ತೆಯಲ್ಲಿ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು. ಅಪ್ರಾಪ್ತ ವಯಸ್ಸಿನ ಮಗು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. "ಹುಡುಗ ಓಡಿಸಲಿ ಬಿಡಿ, ಪಕ್ಕದ ಬೀದಿಗಷ್ಟೇ" ಎನ್ನುವ ಹಿರಿಯರು ಇದನ್ನು ನೆನಪಿಡಬೇಕು.

ರಸ್ತೆಯ ಲೈಸೆನ್ಸ್ ಮತ್ತು ರೇಸಿನ ಲೈಸೆನ್ಸ್ ಬೇರೆ ಬೇರೆ ಎಂಬುದಕ್ಕೆ ಒಂದು ಸ್ವಾರಸ್ಯಕರ ಉದಾಹರಣೆಯಿದೆ. ಮ್ಯಾಕ್ಸ್ ವರ್ಸ್ಟಾಪನ್ 2015ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದಾಗ ಅವನಿಗೆ 17 ವರ್ಷ. ಜಗತ್ತಿನ ಅತಿವೇಗದ ಕಾರುಗಳನ್ನು ಓಡಿಸುವ ಅರ್ಹತೆ ಇತ್ತು, ಆದರೆ ಊರಿನ ರಸ್ತೆಯಲ್ಲಿ ಸಾಮಾನ್ಯ ಕಾರು ಓಡಿಸುವ ಲೈಸೆನ್ಸ್ ಇರಲಿಲ್ಲ! ಬಳಿಕ ನಿಯಮ ಬದಲಾಯಿತು. ಈಗ ಫಾರ್ಮುಲಾ ಒನ್‌ನ ಸೂಪರ್ ಲೈಸೆನ್ಸ್‌ಗೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ರಸ್ತೆಯ ಲೈಸೆನ್ಸ್ ಕೂಡ ಬೇಕು.

ಲೈಸೆನ್ಸ್ ಸಿಗುವುದು ಹೇಗೆ?

ಭಾರತದಲ್ಲಿ ಈ ಕ್ರೀಡೆಯ ಆಡಳಿತ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆಯದು. ಚಿಕ್ಕದಾಗಿ ಎಫ್‌ಎಂಎಸ್‌ಸಿಐ. ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಇದನ್ನು ಮಾನ್ಯ ಮಾಡಿದೆ. ಸ್ಪರ್ಧೆಗೆ ಇಳಿಯುವವರು ಇದರಿಂದ ಲೈಸೆನ್ಸ್ ಪಡೆದು, ವರ್ಷ ವರ್ಷವೂ ನವೀಕರಿಸಬೇಕು. ಅರ್ಜಿಯ ಜೊತೆ ವಯಸ್ಸಿನ ದಾಖಲೆ ಮತ್ತು ವೈದ್ಯರ ದೃಢೀಕರಣ ಬೇಕು. 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಪತ್ರ ಕಡ್ಡಾಯ. ಟ್ರ್ಯಾಕ್ ರೇಸಿಗೆ ಹೊಸದಾಗಿ ಬರುವವರು ಮಾನ್ಯತೆ ಪಡೆದ ತರಬೇತಿ ಶಾಲೆಯಲ್ಲಿ ಕಲಿತ ಪ್ರಮಾಣಪತ್ರವನ್ನೂ ತೋರಿಸಬೇಕು.

ಹೆಚ್ಚಿನವರ ಮೊದಲ ಮೆಟ್ಟಿಲು ಗೋ-ಕಾರ್ಟ್. ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ನಾಲ್ಕು ಚಕ್ರದ ಗಾಡಿ ಅದು. ಏಳು ಬಾರಿ ವಿಶ್ವ ಚಾಂಪಿಯನ್ ಆದ ಲೂಯಿಸ್ ಹ್ಯಾಮಿಲ್ಟನ್ ಶುರು ಮಾಡಿದ್ದೂ ಎಂಟನೇ ವಯಸ್ಸಿನಲ್ಲಿ ಇದರಿಂದಲೇ. ಬೆಂಗಳೂರಿನಲ್ಲಿ ಬಾಡಿಗೆಗೆ ಗೋ-ಕಾರ್ಟ್ ಓಡಿಸುವ ಸ್ಥಳಗಳಿವೆ. ಮಗುವಿಗೆ ನಿಜವಾದ ಆಸಕ್ತಿ ಇದೆಯೋ, ಸಿನಿಮಾ ನೋಡಿದ ಎರಡು ದಿನದ ಅಮಲೋ ಎಂದು ಅಲ್ಲಿ ತಿಳಿದುಬಿಡುತ್ತದೆ.

ಮುಂದಿನ ಹಂತಕ್ಕೆ ದೊಡ್ಡ ಟ್ರ್ಯಾಕ್ ಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಮತ್ತು ದೆಹಲಿ ಸಮೀಪದ ಬುದ್ಧ ಸರ್ಕ್ಯೂಟ್ ಪ್ರಮುಖವಾದವು. ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರ ತನಕ ಫಾರ್ಮುಲಾ ಒನ್ ರೇಸ್ ನಡೆದಿತ್ತು. ಇವುಗಳಲ್ಲಿ ಕರ್ನಾಟಕದವರಿಗೆ ಹತ್ತಿರವಾದವು ತಮಿಳುನಾಡಿನ ಆ ಎರಡು. 2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿನವರು.

ಬ್ರೇಕಿನ ಪಾಠ, ಬಾವುಟದ ಪಾಠ

ತರಬೇತಿ ಶಾಲೆಯಲ್ಲಿ ಹೊಸಬರಿಗೆ ಮುಖ್ಯವಾಗಿ ಕಲಿಸುವುದು ಬ್ರೇಕ್ ಹಾಕುವುದನ್ನು. ನೇರ ದಾರಿ ಮುಗಿಯುವ ಮೊದಲೇ ವೇಗ ಇಳಿಸಬೇಕು. ಹೊರ ಅಂಚಿನಿಂದ ಬಂದು, ತಿರುವಿನ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಸಾಗಬೇಕು. ತಿರುವಿಗೆ ತಾಳ್ಮೆಯಿಂದ ನುಗ್ಗಿದವನೇ ಅದರಿಂದ ಬೇಗ ಹೊರಬರುತ್ತಾನೆ. ಆತುರಪಟ್ಟವನ ಕಾರು ದಾರಿ ಬಿಟ್ಟು ಮಣ್ಣಿಗೆ ಇಳಿಯುತ್ತದೆ. ದೃಷ್ಟಿ ಬಾನೆಟ್ಟಿನ ಮೇಲಲ್ಲ, ದೂರದ ದಾರಿಯ ಮೇಲಿರಬೇಕು.

ಎರಡನೆಯ ಪಾಠ ಬಾವುಟಗಳದ್ದು. ಎಂಜಿನಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲವಾದ್ದರಿಂದ ಟ್ರ್ಯಾಕ್ ಬದಿಯ ಸಿಬ್ಬಂದಿ ಬಾವುಟಗಳ ಮೂಲಕ ಮಾತಾಡುತ್ತಾರೆ. ಹಳದಿ ಎಂದರೆ ಮುಂದೆ ಅಪಾಯವಿದೆ, ವೇಗ ಇಳಿಸು, ಯಾರನ್ನೂ ಹಿಂದೆ ಹಾಕಬೇಡ. ಹಸಿರು ಎಂದರೆ ದಾರಿ ಸುಗಮ. ನೀಲಿ ಎಂದರೆ ನಿನ್ನ ಹಿಂದೆ ನಿನಗಿಂತ ವೇಗದ ಕಾರಿದೆ. ಹಳದಿಯಲ್ಲಿ ಕೆಂಪು ಪಟ್ಟಿ ಇದ್ದರೆ ನೆಲ ಜಾರುತ್ತದೆ. ಬಿಳಿ ಎಂದರೆ ಮುಂದೆ ನಿಧಾನದ ವಾಹನವಿದೆ. ಕಪ್ಪು ಬಾವುಟದ ಜೊತೆ ನಿನ್ನ ನಂಬರು ತೋರಿಸಿದರೆ ಟ್ರ್ಯಾಕ್ ಬಿಟ್ಟು ಅಧಿಕಾರಿಗಳ ಮುಂದೆ ಹಾಜರಾಗಬೇಕು. ಕೆಂಪು ಕಂಡರೆ ರೇಸ್ ನಿಂತಿತೆಂದು ಅರ್ಥ. ಗೆಲ್ಲುವ ಹಂತದಲ್ಲಿದ್ದರೂ ಹಳದಿ ಬಾವುಟದಡಿ ಮುನ್ನುಗ್ಗಿದವನಿಗೆ ಶಿಕ್ಷೆ ತಪ್ಪುವುದಿಲ್ಲ. ಸಿಗ್ನಲ್ ಕೆಂಪಾದರೂ ಹಾರನ್ ಬಾರಿಸುವ ನಮ್ಮ ರಸ್ತೆಗಳಿಗೂ ಇದಕ್ಕೂ ಎಷ್ಟು ಅಂತರ!

ಬ್ರಿಟನ್‌ನಲ್ಲಿ ಹೊಸಬರ ಕಾರಿನ ಹಿಂಭಾಗದಲ್ಲಿ ಹಳದಿ ಹಲಗೆಯ ಮೇಲೆ ಕಪ್ಪು ಅಡ್ಡಗೆರೆಗಳ ಗುರುತು ಇರಲೇಬೇಕು, ನಮ್ಮ 'ಎಲ್' ಬೋರ್ಡಿನ ಹಾಗೆ. ತಪ್ಪಿಲ್ಲದೆ ಕೆಲವು ರೇಸ್ ಮುಗಿಸಿ ಅಧಿಕಾರಿಗಳ ಸಹಿ ಪಡೆದ ಮೇಲಷ್ಟೇ ಮೇಲಿನ ದರ್ಜೆಯ ಲೈಸೆನ್ಸ್ ಕೇಳಬಹುದು.

ಮೈತುಂಬ ಕವಚ

ಅನೇಕ ರೇಸ್ ಕಾರುಗಳೊಳಗೆ ಉಕ್ಕಿನ ಕೊಳವೆಗಳ ಪಂಜರವಿರುತ್ತದೆ. ಚಾಲಕರು ಕುತ್ತಿಗೆಯಿಂದ ಕಾಲಿನ ತನಕ ಬೆಂಕಿ ತಡೆಯುವ ಉಡುಪು, ಕೈಗವಸು, ಹೆಲ್ಮೆಟ್ ಧರಿಸಬೇಕು. ಹೆಲ್ಮೆಟ್ಟಿನ ಒಳಗೆ ಕಣ್ಣಿನ ಭಾಗವೊಂದನ್ನು ಬಿಟ್ಟು ತಲೆ, ಕತ್ತು ಮುಚ್ಚುವ ಬಾಲಾಕ್ಲಾವಾ ಇರುತ್ತದೆ. ಹೀಗಾಗಿ ಮೈ ಮುಚ್ಚುವ ವಿಷಯದಲ್ಲಿ ನಮ್ಮ ಹೆಣ್ಣು ಮಕ್ಕಳಿಗೆ ಇಲ್ಲಿ ತೊಡಕಿಲ್ಲ. ಸಡಿಲವಾಗಿ ಜೋತಾಡುವ ಬಟ್ಟೆ ಮಾತ್ರ ಸಲ್ಲದು. 2020ರ ನವೆಂಬರ್ 29ರಂದು ಬಹರೈನ್‌ನಲ್ಲಿ ರೊಮೈನ್ ಗ್ರೋಜಾನ್ ಅವರ ಕಾರು ತಡೆಗೋಡೆಗೆ ಬಡಿದು ಎರಡು ಹೋಳಾಗಿ ಹೊತ್ತಿ ಉರಿಯಿತು. ಸುಮಾರು 28 ಸೆಕೆಂಡು ಬೆಂಕಿಯಲ್ಲಿದ್ದ ಅವರು ಕೈಗಳಿಗೆ ಸುಟ್ಟ ಗಾಯಗಳಾಗಿ ಹೊರಬಂದರು. ಅವರನ್ನು ಉಳಿಸಿದ್ದು ತಲೆಯ ಸುತ್ತಲಿನ ರಕ್ಷಾ ಚೌಕಟ್ಟು, ಉಡುಪು ಮತ್ತು ತಕ್ಷಣ ಧಾವಿಸಿದ ವೈದ್ಯರು. ನಮ್ಮ ಮಕ್ಕಳೋ, ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕಿ ಬೈಕ್ ಓಡಿಸುತ್ತಾರೆ!

ಹೆಣ್ಣು ಮಕ್ಕಳ ಹಾದಿ

ಚೆನ್ನೈಯ ಅಲಿಶಾ ಅಬ್ದುಲ್ಲಾ ಬಾಲ್ಯದಲ್ಲೇ ಗೋ-ಕಾರ್ಟ್ ಹಿಡಿದವರು. ಬಳಿಕ ಬೈಕ್ ರೇಸಿಗೆ, ಮುಂದೆ ಕಾರ್ ರೇಸಿಗೆ ಬಂದರು. ಅವರ ತಂದೆ ಆರ್.ಎ. ಅಬ್ದುಲ್ಲಾ ಸ್ವತಃ ರಾಷ್ಟ್ರೀಯ ಬೈಕ್ ರೇಸ್ ಚಾಂಪಿಯನ್.

ಜಿದ್ದಾದ ರೀಮಾ ಜುಫಾಲಿಯ ಕತೆ ಇನ್ನೂ ವಿಶಿಷ್ಟ. ಆಕೆ ಹುಟ್ಟಿ ಬೆಳೆದ ಸೌದಿ ಅರೇಬಿಯಾದಲ್ಲಿ ಮಹಿಳೆಯರು ಕಾರು ಓಡಿಸುವುದಕ್ಕಿದ್ದ ನಿಷೇಧ ತೆರವಾದದ್ದು 2018ರ ಜೂನ್ 24ರಂದು. ಅಮೆರಿಕದಲ್ಲಿ ಓದುವಾಗ ಚಾಲನೆ ಕಲಿತಿದ್ದ ರೀಮಾ ಅದೇ ವರ್ಷ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೊದಲ ರೇಸಿಗೆ ಇಳಿದರು. ಆಗ ಆಕೆಗೆ 26 ವರ್ಷ. ಈ ಕ್ರೀಡೆಯ ಲೆಕ್ಕದಲ್ಲಿ ಅದು ತಡವಾದ ಆರಂಭ. ಮರುವರ್ಷ ಬ್ರಿಟನ್‌ನ ಫಾರ್ಮುಲಾ 4ರಲ್ಲಿ ಓಡಿಸಿದರು, ನವೆಂಬರ್‌ನಲ್ಲಿ ತಮ್ಮ ದೇಶದ ದಿರಿಯಾದಲ್ಲೇ ಸ್ಪರ್ಧಿಸಿದರು. 2022ರಲ್ಲಿ 'ಥೀಬಾ' ಎಂಬ ತಮ್ಮದೇ ತಂಡ ಕಟ್ಟಿದರು. ಅರಬಿಯಲ್ಲಿ ಅದಕ್ಕೆ ಹೆಣ್ಣು ತೋಳ ಎಂದರ್ಥ.

ದೊಡ್ಡ ಟ್ರ್ಯಾಕ್ ಇಲ್ಲದ ಕಡೆಯೂ ದಾರಿಯಿದೆ. ಫೆಲೆಸ್ತೀನಿನ ವೆಸ್ಟ್ ಬ್ಯಾಂಕ್‌ನ 'ಸ್ಪೀಡ್ ಸಿಸ್ಟರ್ಸ್' ಎಂಬ ಯುವತಿಯರ ತಂಡ ಬಯಲಿನಲ್ಲಿ ಗುರುತುಗಳನ್ನಿಟ್ಟು, ಒಬ್ಬೊಬ್ಬರಾಗಿ ಸಮಯ ಅಳೆದು ಸ್ಪರ್ಧಿಸುವ ರೇಸ್‌ಗಳಲ್ಲಿ ಹೆಸರು ಮಾಡಿತು. ಅವರ ಬಗ್ಗೆ 2015ರಲ್ಲಿ ಸಾಕ್ಷ್ಯಚಿತ್ರವೂ ಬಂದಿತು.

ಬೇಗ ತಲುಪಿದರೂ ಸೋಲು!

ಮನೆಯ ಸಾಮಾನ್ಯ ಕಾರಿನಲ್ಲೇ ಭಾಗವಹಿಸಬಹುದಾದ ಸ್ಪರ್ಧೆಯೊಂದಿದೆ. ಅದಕ್ಕೆ ಟಿಎಸ್‌ಡಿ ರ‍್ಯಾಲಿ ಎನ್ನುತ್ತಾರೆ. ಅಂದರೆ ಸಮಯ, ವೇಗ ಮತ್ತು ದೂರದ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ಸರಾಸರಿಯಲ್ಲಿ 15 ಕಿಲೋಮೀಟರ್ ಸಾಗಬೇಕೆಂದು ಸೂಚನೆ ಇದ್ದರೆ, ನೀವು ಸರಿಯಾಗಿ ಅರ್ಧ ಗಂಟೆಗೆ ತಲುಪಬೇಕು. ತಡವಾದರೂ ದಂಡ, ಬೇಗ ತಲುಪಿದರೂ ದಂಡ! ಪಕ್ಕದಲ್ಲಿ ಕುಳಿತು ದಾರಿ ಮತ್ತು ಸಮಯದ ಲೆಕ್ಕ ಹೇಳುವ ನ್ಯಾವಿಗೇಟರ್ ಇಲ್ಲಿ ಚಾಲಕಿಯಷ್ಟೇ ಮುಖ್ಯ. ತಿಂಗಳ ಖರ್ಚನ್ನು ಪೈಸೆ ಪೈಸೆ ಲೆಕ್ಕ ಹಾಕಿ ನಡೆಸುವ ಗೃಹಿಣಿಗೆ ಇದೇನೂ ಕಷ್ಟವಲ್ಲ. ಹಲವು ನಗರಗಳಲ್ಲಿ ಮಹಿಳೆಯರಿಗೆಂದೇ ಇಂಥ ರ‍್ಯಾಲಿಗಳು ನಡೆದಿವೆ. ವೇಗದ ರ‍್ಯಾಲಿಯಲ್ಲೂ ನ್ಯಾವಿಗೇಟರನ ಪಾತ್ರ ದೊಡ್ಡದು. ಕಾಸರಗೋಡಿನ ಮೂಸಾ ಶರೀಫ್ ದೇಶಮಟ್ಟದಲ್ಲಿ ಹೆಸರು ಗಳಿಸಿದ್ದು ಪಕ್ಕದ ಸೀಟಿನಲ್ಲಿ ಕುಳಿತೇ.

ಸಹಿ ಹಾಕುವ ಮುನ್ನ

ಇಷ್ಟೆಲ್ಲ ಕವಚವಿದ್ದರೂ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. 2023ರ ಜನವರಿಯಲ್ಲಿ ಚೆನ್ನೈಯ ಟ್ರ್ಯಾಕ್‌ನಲ್ಲಿ 59 ವರ್ಷದ ಅನುಭವಿ ಕಾರ್ ರೇಸರ್ ಒಬ್ಬರು ಸಾವನ್ನಪ್ಪಿದರು. ಅದೇ ಆಗಸ್ಟ್‌ನಲ್ಲಿ ಅದೇ ಟ್ರ್ಯಾಕ್‌ನ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಬಾಲಕ ಪ್ರಾಣ ಕಳೆದುಕೊಂಡ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಹಾಕುವ ಸಹಿ ಬರೇ ಶಾಸ್ತ್ರವಲ್ಲ. ಹೆತ್ತವರು ಟ್ರ್ಯಾಕಿಗೆ ಖುದ್ದಾಗಿ ಹೋಗಬೇಕು. ಆಂಬುಲೆನ್ಸ್, ವೈದ್ಯರು ಇದ್ದಾರೆಯೇ, ವಿಮೆ ಏನು ಭರಿಸುತ್ತದೆ ಎಂದು ಕೇಳಬೇಕು. ಬಳಸಿದ ಹಳೆಯ ಹೆಲ್ಮೆಟ್ ಕೊಳ್ಳಬಾರದು. ಒಮ್ಮೆ ಪೆಟ್ಟು ಬಿದ್ದದ್ದು ಹೊರಗಿನಿಂದ ಕಾಣಿಸದು.

ಖರ್ಚಿನ ಮಾತೂ ಬೇಕು. ಟಯರು, ಇಂಧನ, ಪ್ರವೇಶ ಶುಲ್ಕ, ಪ್ರಯಾಣ, ಎಲ್ಲವೂ ಸೇರಿ ಇದು ದುಬಾರಿ ಕ್ರೀಡೆ. ಸ್ವಂತ ಕಾರು ಕಟ್ಟುವ ಬದಲು ತಂಡಗಳಿಂದ ಬಾಡಿಗೆಗೆ ಪಡೆಯುವುದು ರೂಢಿ. ಸಾಲ ಮಾಡಿ, ಒಡವೆ ಅಡವಿಟ್ಟು ಇಳಿಯುವ ಆಟ ಇದಲ್ಲ. ಹೆಚ್ಚಿನವರು ಓದು, ಉದ್ಯೋಗದ ಜೊತೆಗೆ ಹವ್ಯಾಸವಾಗಿಯೇ ಇದನ್ನು ನಡೆಸುತ್ತಾರೆ.

"ಉಮ್ಮಾ, ನನಗೆ ರೇಸ್ ಕಲಿಯಬೇಕು" ಎಂದು ನಾಳೆ ಮಗನೋ ಮಗಳೋ ಹೇಳಿದರೆ ತಕ್ಷಣ ಗದರಬೇಡಿ, ತಕ್ಷಣ ಹೂಂ ಎನ್ನಲೂ ಬೇಡಿ. ರಸ್ತೆಯಲ್ಲಿ ಸಿಗ್ನಲ್, ಸ್ಪೀಡ್ ಮಿತಿ, ಹೆಲ್ಮೆಟ್ಟನ್ನು ಒಂದು ವರ್ಷ ತಪ್ಪದೆ ಪಾಲಿಸಿ ತೋರಿಸಲು ಹೇಳಿ. ಅದು ಆಗದವರಿಗೆ ಟ್ರ್ಯಾಕಿನ ಹಳದಿ ಬಾವುಟವೂ ಕಾಣಿಸುವುದಿಲ್ಲ. ಅದು ಸಾಧ್ಯವಾದರೆ, ಒಂದು ರಜಾದಿನ ನೀವೇ ಜೊತೆಯಲ್ಲಿ ಗೋ-ಕಾರ್ಟ್ ಟ್ರ್ಯಾಕಿಗೆ ಹೋಗಿ ಬನ್ನಿ.