ಸಮುದ್ರ ನುಂಗುವ ಹೊಗೆಗೂ ಲೆಕ್ಕವಿದೆ

ಜನ ಕಲ್ಲಿದ್ದಲು, ಡೀಸೆಲ್, ಕಾಡು ಸುಟ್ಟು ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲನ್ನು ಸಮುದ್ರ ನುಂಗುತ್ತದೆ. ಅದೂ ಗಾಳಿಯಲ್ಲೇ ಉಳಿದಿದ್ದರೆ ಭೂಮಿ ಇನ್ನೂ ಬೇಗ ಕಾಯುತ್ತಿತ್ತು. ಸಮುದ್ರ ಮುಂದೆಯೂ ಹೀಗೇ ನುಂಗೀತೇ? ಮಳೆ ನಂಬಿದ ನಮಗೂ ಸೇರಿದ ಪ್ರಶ್ನೆ ಇದು. ವಿಜ್ಞಾನಿಗಳು ಇದನ್ನು ಲೆಕ್ಕ ಹಾಕುವ ಬಗೆಯನ್ನು, ಏಳನೇ ಕ್ಲಾಸು ಓದಿದ ನನಗೆ ತಿಳಿದಷ್ಟು ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಸಮುದ್ರವನ್ನು ತರಕಾರಿ ಮಡಿಗಳ ಹಾಗೆ ಭಾಗ ಮಾಡುತ್ತಾರೆ. ಒಂದರ ಕೆಳಗೊಂದು ಪದರವನ್ನೂ ಇಡುತ್ತಾರೆ. ಪ್ರತಿ ಮಡಿಗೂ ಬೇರೆ ಬೇರೆ ಜಮಾ-ಖರ್ಚು. ಮೇಲಿನ ಮಡಿಗಳಲ್ಲಿ ಮುಖ್ಯವಾಗಿ ನೋಡುವುದು ಮೂರು ಸಂಗತಿ.

ಒಂದು, ಅನಿಲದ ಒತ್ತಡ. ಗಾಳಿಯಲ್ಲಿ ಹೆಚ್ಚಿದ್ದರೆ ನೀರಿಗೆ ಇಳಿಯುತ್ತದೆ, ನೀರಲ್ಲಿ ಹೆಚ್ಚಿದ್ದರೆ ಗಾಳಿಗೆ ಬರುತ್ತದೆ.

ಎರಡು, ನೀರಿನ ಬಿಸಿ. ತಣ್ಣಗಿನ ಸೋಡಾದಲ್ಲಿ ಗ್ಯಾಸು ನಿಲ್ಲುತ್ತದೆ, ಬಿಸಿಲಿಗಿಟ್ಟರೆ ನಿಲ್ಲುವುದಿಲ್ಲ. ಸಮುದ್ರವೂ ಅಷ್ಟೇ.

ಮೂರು, ಗಾಳಿಯ ವೇಗ. ಅದು ಎರಡು ಪಟ್ಟಾದರೆ ಈ ಕೊಡು-ಕೊಳ್ಳುವುದು ನಾಲ್ಕು ಪಟ್ಟಾಗುತ್ತದೆಂದು ಬಹಳ ಲೆಕ್ಕಗಳಲ್ಲಿ ಹಿಡಿಯುತ್ತಾರೆ.

ಎಲ್ಲಾ ಸಮುದ್ರವೂ ನುಂಗುವುದಿಲ್ಲ ನೋಡಿ. ನಮಗೆ ಮಳೆ ತರುವ ಮುಂಗಾರು ಗಾಳಿ ಸೊಮಾಲಿಯಾ, ಓಮನ್ ದಂಡೆಯಲ್ಲಿ ಬೀಸುವಾಗ ಆಳದ ನೀರು ಮೇಲೇಳುತ್ತದೆ. ಅದರಲ್ಲಿ ಇಂಗಾಲ ಜಾಸ್ತಿ. ಹಾಗಾಗಿ ಅಲ್ಲಿ ಅರಬ್ಬಿ ಸಮುದ್ರ ಅನಿಲವನ್ನು ಹೊರಗೆ ಬಿಡುತ್ತದೆ. ತಣ್ಣಗಿನ ಉತ್ತರ ಅಟ್ಲಾಂಟಿಕ್ ಸಮುದ್ರ ಚೆನ್ನಾಗಿ ನುಂಗುತ್ತದೆ.

ಇನ್ನು ಕೆಳಗಿನ ಪದರದ ಮಾತು. ಕುಂಟೆ ಹೊಡೆದ ಮೇಲ್ಮಣ್ಣು ಒಂದು ಹದ ಮಳೆಗೇ ನೆನೆಯುತ್ತದೆ, ಕೆಳಗಿನ ಗಟ್ಟಿ ನೆಲಕ್ಕೆ ನೀರಿಳಿಯಲು ದಿನ ಬೇಕು. ಸಮುದ್ರದ ಮೇಲ್ನೀರು ಒಂದು ವರ್ಷದ ಆಸುಪಾಸಿನಲ್ಲಿ ಗಾಳಿಯೊಂದಿಗೆ ಸಮವಾಗುತ್ತದೆ. ಆಳಕ್ಕೆ ಇಳಿಯಲು ನೂರಾರು ವರ್ಷ ಬೇಕು. ಮೇಲ್ನೀರು ಹಿಡಿಯುವುದೂ ಕಮ್ಮಿಯೇ. ಗಾಳಿಯಲ್ಲಿ ಈ ಅನಿಲ ನೂರಕ್ಕೆ 10 ಹೆಚ್ಚಿದರೆ ಮೇಲ್ನೀರಿನ ಇಂಗಾಲ ನೂರಕ್ಕೆ ಸುಮಾರು 1 ಮಾತ್ರ ಹೆಚ್ಚುತ್ತದೆ. ಅಮೆರಿಕದ ರೋಜರ್ ರೆವೆಲ್, ಹಾನ್ಸ್ ಸ್ಯೂಸ್ 1957ರಲ್ಲೇ ಇದನ್ನು ತೋರಿಸಿದ್ದರು. ಅದರ ಮೇಲೆ, ಕಾದ ನೀರು ಹಗುರಾಗಿ ಮೇಲೆಯೇ ನಿಲ್ಲುವುದರಿಂದ ಆಳದ ನೀರಿನೊಂದಿಗೆ ಬೆರೆಯುವುದೂ ಕಡಿಮೆಯಾಗುತ್ತದೆ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 1958ರಲ್ಲಿ ಸುಮಾರು 315 ಪಾಲಿತ್ತು. ಈಗ 420 ದಾಟಿದೆ. ಹೊಗೆ ಹೆಚ್ಚಿದಷ್ಟೂ ಸಮುದ್ರ ಮತ್ತು ನೆಲ ಹೀರುವ ಮೊತ್ತ ಹೆಚ್ಚೀತು, ಆದರೆ ನೂರಕ್ಕೆ ಇಷ್ಟು ಅನ್ನುವ ಪಾಲು ಇಳಿಯುತ್ತದೆ ಎಂದು 2021ರ ಐಪಿಸಿಸಿ ವರದಿ ಹೇಳಿದೆ. ಉಳಿದದ್ದು ನಮ್ಮ ತಲೆಯ ಮೇಲೆಯೇ. ಸಮುದ್ರ ದೊಡ್ಡದು, ನಿಜ. ಎಷ್ಟು ಬಿಟ್ಟರೂ ನುಂಗೀತು ಅಂತ ಕೂರುವಷ್ಟು ದೊಡ್ಡದಲ್ಲ.